ಟಕೋಮಾದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ವಿಪರೀತ ಕಾಯುತ್ತಿದೆ: ಕೂಲರ್ ಮೊದಲೋ, ಮೀಟರ್ ಮೊದಲೋ?

ಹಾಸನ_ಫೀನಿಕ್ಸ್:

ಎಲ್ಲರಿಗೂ ನಮಸ್ಕಾರ. ಅರಿಜೋನಾದ ಫೀನಿಕ್ಸ್‌ನಿಂದ ಬರೆಯುತ್ತಿದ್ದೇನೆ. ನನ್ನ ಬಳಿ 2001ರ ಟೊಯೋಟಾ ಟಕೋಮಾ ಇದೆ. 3.4 ಲೀಟರ್ ವಿ6 ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್, ಫೋರ್ ವೀಲ್ ಡ್ರೈವ್. ಎರಡು ವರ್ಷದ ಹಿಂದೆ ಕೊಂಡಾಗ 1,78,000 ಮೈಲಿ ಓಡಿತ್ತು. ಕೊಂಡ ಮೇಲೆ 33 ಇಂಚಿನ ಟೈರ್ ಹಾಕಿಸಿದ್ದೇನೆ, ಆಕ್ಸಲ್ ಗೇರ್ ಕಂಪನಿಯದೇ ಇದೆ.

ಕಳೆದ ಶನಿವಾರ ಲೇಕ್ ಪ್ಲೆಸೆಂಟ್ ಕಡೆಯ ಹಳೆಯ ಮಣ್ಣುದಾರಿ ಹಿಡಿದು ಕ್ರೌನ್ ಕಿಂಗ್‌ಗೆ ಹೊರಟೆವು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಬ್ರ್ಯಾಡ್‌ಶಾ ಬೆಟ್ಟಗಳಲ್ಲಿರುವ, ಒಂದು ಕಾಲದಲ್ಲಿ ಚಿನ್ನದ ಗಣಿಗಳಿದ್ದ ಪುಟ್ಟ ಊರು. ದಾರಿಯುದ್ದಕ್ಕೂ ಬಂಡೆ, ಸಡಿಲ ಕಲ್ಲು. ಒಟ್ಟು ಸುಮಾರು 4000 ಅಡಿ ಏರಬೇಕು. ಬಿಸಿಲು 95 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಅರ್ಧಕ್ಕಿಂತ ಹೆಚ್ಚು ದಾರಿ ಏರಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಗೇರ್ ಎಣ್ಣೆಯ ಬಿಸಿಯ ದೀಪ ಹತ್ತಿತು. ಎಂಜಿನ್ ಮೀಟರಿನ ಮುಳ್ಳು ಮಾತ್ರ ಎಂದಿನಂತೆ ನಡುವೆಯೇ ಇತ್ತು. ತಕ್ಷಣ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆ. ಒಂದು ಗಂಟೆ ಕಾದು, ನಿಧಾನವಾಗಿ ಊರು ಮುಟ್ಟಿ, ಬರುವಾಗ ಸುತ್ತು ರಸ್ತೆಯಲ್ಲಿ ಮನೆಗೆ ಬಂದೆವು. ಹಿಂದಿನ ಸೀಟಿನಲ್ಲಿ ಹೆಂಡತಿ ಮತ್ತು ಎಂಟು ವರ್ಷದ ಮಗಳು ಇದ್ದರು. ಮೊಬೈಲಿಗೆ ಸಿಗ್ನಲ್ ಇಲ್ಲದ ಜಾಗ. ಆ ಒಂದು ಗಂಟೆ ನನಗೆ ಇನ್ನೂ ಮರೆತಿಲ್ಲ.

ಈಗ ಪ್ರಶ್ನೆಗಳು. ಗೇರ್ ಎಣ್ಣೆಯನ್ನು ತಣಿಸುವ ಹೊರಗಿನ ಕೂಲರ್ ಹಾಕಿದರೆ ಸಾಕೇ, ಆ ಎಣ್ಣೆಯ ಬಿಸಿ ತೋರಿಸುವ ಮೀಟರ್ ಕೂಡ ಬೇಕೇ? ಈ ತಿಂಗಳು ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ. ಎಣ್ಣೆಯನ್ನು ರೇಡಿಯೇಟರ್ ಮೂಲಕವೂ ಹಾಯಿಸಬೇಕೇ ಅಥವಾ ರೇಡಿಯೇಟರನ್ನು ಪೂರ್ತಿ ಬಿಟ್ಟು ನೇರವಾಗಿ ಕೂಲರಿಗೆ ಕೊಡಬೇಕೇ? ಸೆನ್ಸರ್ ಎಲ್ಲಿ ಕೂರಿಸಬೇಕು? ಚಾಂಡ್ಲರ್‌ನಲ್ಲಿರುವ ಸ್ನೇಹಿತರ ಗ್ಯಾರೇಜ್ ಸಿಗುತ್ತದೆ. ಬ್ರೇಕ್ ಪ್ಯಾಡ್, ಸ್ಟಾರ್ಟರ್ ಮೋಟರ್ ಬದಲಿಸಿದ ಅನುಭವ ಇದೆ. ಗೇರ್‌ಬಾಕ್ಸ್ ತಂಟೆಗೆ ಇದುವರೆಗೆ ಹೋಗಿಲ್ಲ.

ಹಳೆಯಗಾಡಿ_ಡೆನ್ವರ್:

ನಮಸ್ಕಾರ. ಗಾಡಿ ನಿಲ್ಲಿಸಿದ್ದು ಸರಿ, ಎಂಜಿನ್ ಆರಿಸಿದ್ದು ತಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಯಾವ ಸಾಮಾನೂ ಕೊಳ್ಳದೆ ನಾಳೆಯಿಂದಲೇ ಉಪಯೋಗಕ್ಕೆ ಬರುವ ಮಾತು. ಗೇರ್‌ಬಾಕ್ಸಿನ ಎಣ್ಣೆಯನ್ನು ಕೂಲರಿಗೆ ತಳ್ಳುವ ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತರೆ ಎಣ್ಣೆಯ ಓಡಾಟವೂ ನಿಲ್ಲುತ್ತದೆ, ಕಾದ ಟಾರ್ಕ್ ಕನ್ವರ್ಟರಿನೊಳಗೆ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಸಿಕ್ಕಿದ ಎಣ್ಣೆ ಅಲ್ಲೇ ಬೇಯುತ್ತದೆ. ಇನ್ನೊಮ್ಮೆ ಹೀಗಾದರೆ ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಓಡುತ್ತಲೇ ಇರಲಿ. ಎಂಜಿನ್ ಮೀಟರ್ ಸರಿಯಾಗಿದ್ದರೆ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ 1200 ಆರ್‌ಪಿಎಂ ಸುತ್ತಮುತ್ತ ಹಿಡಿದಿಡಿ. ಹತ್ತು ಹದಿನೈದು ನಿಮಿಷದಲ್ಲಿ ಬಿಸಿ ಇಳಿಯುತ್ತದೆ.

ನನ್ನದು 1999ರ ಫೋರ್‌ರನ್ನರ್. ನಿಮ್ಮ ಟಕೋಮಾದಲ್ಲಿರುವ ಎ340ಎಫ್ ಗೇರ್‌ಬಾಕ್ಸೇ ಇದರಲ್ಲೂ ಇದೆ, ಎಂಜಿನ್ ಕೂಡ ಅದೇ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನನ್ನ ಕೈಗೆ ಎಣ್ಣೆ ಹತ್ತಿಸಿಕೊಂಡು ಕಲಿತದ್ದು.

ಒಂದಕ್ಕೇ ದುಡ್ಡಿದ್ದರೆ ಮೀಟರ್ ಹಾಕಿ. ನಿಮ್ಮ ದೀಪ ಹತ್ತುವುದು 300 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ, ಅಂದರೆ ಸುಮಾರು 150 ಸೆಲ್ಸಿಯಸ್. ಅಷ್ಟು ಹೊತ್ತಿಗೆ ಎಣ್ಣೆ ಸೀದಿರುತ್ತದೆ, ರಬ್ಬರ್ ಸೀಲ್‌ಗಳು ಗಟ್ಟಿಯಾಗತೊಡಗಿರುತ್ತವೆ. ಈ ಎಣ್ಣೆ ಸುಖವಾಗಿರುವುದು 175ರಿಂದ 200 ಫ್ಯಾರನ್‌ಹೀಟ್ ನಡುವೆ. 220 ಮುಟ್ಟಿದರೆ ಚಾಲಕ ಏನಾದರೂ ಮಾಡಬೇಕು, 240 ಮುಟ್ಟಿದರೆ ನಿಲ್ಲಿಸಬೇಕು. ಗೇರ್‌ಬಾಕ್ಸ್ ಕೆಲಸದವರಲ್ಲಿ ಒಂದು ಹಳೆಯ ಲೆಕ್ಕವಿದೆ: 175ರ ಮೇಲೆ ಪ್ರತಿ 20 ಡಿಗ್ರಿಗೆ ಎಣ್ಣೆಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. 235ರಲ್ಲಿ ಓಡಿಸುತ್ತಿದ್ದರೆ ಉಳಿಯುವುದು ಎಂಟರಲ್ಲಿ ಒಂದು ಪಾಲು. ಇಷ್ಟೆಲ್ಲ ನಡೆಯುವಾಗ ಆ ದೀಪ ಸುಮ್ಮನೆ ಕುಳಿತಿರುತ್ತದೆ.

ಇನ್ನು ಬಿಸಿ ಹುಟ್ಟುವುದು ಹೇಗೆ ಎಂಬುದು ಮುಖ್ಯ, ಅದು ಗೊತ್ತಾದರೆ ಅರ್ಧ ಕಾಯಿಲೆ ಗುಣವಾದಂತೆ. ಟಾರ್ಕ್ ಕನ್ವರ್ಟರಿನಲ್ಲಿ ಎದುರುಬದುರು ಎರಡು ಚಕ್ರಗಳಿವೆ. ಒಂದನ್ನು ಎಂಜಿನ್ ತಿರುಗಿಸುತ್ತದೆ, ಅದು ಎರಚಿದ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಎಂಜಿನ್ 2500 ಸುತ್ತು ತಿರುಗುತ್ತಾ ಗಾಡಿ ಆಮೆಯಂತೆ ಏರುತ್ತಿದ್ದರೆ ಎರಡರ ವೇಗದಲ್ಲಿ ಭಾರಿ ವ್ಯತ್ಯಾಸ ಇರುತ್ತದೆ. ಒಳಗೆ ಎಣ್ಣೆಯನ್ನು ಕಡಗೋಲಿನಲ್ಲಿ ಕಡೆದಂತೆ ಆಗುತ್ತದೆ, ಆ ಕಡೆತವೆಲ್ಲ ಬಿಸಿಯಾಗುತ್ತದೆ. ಹೆದ್ದಾರಿಯಲ್ಲಿ ಲಾಕಪ್ ಕ್ಲಚ್ ಎರಡನ್ನೂ ಬಿಗಿಯಾಗಿ ಸೇರಿಸುವುದರಿಂದ ಅಲ್ಲಿ ತೊಂದರೆ ಇಲ್ಲ. ಬೆಟ್ಟದಲ್ಲಿ ತೆವಳುವಾಗ ಲಾಕಪ್ ಸಿಗುವುದೇ ಇಲ್ಲ. ದೊಡ್ಡ ಟೈರ್ ಹಾಕಿ ಆಕ್ಸಲ್ ಗೇರ್ ಬದಲಿಸದಿದ್ದರೆ ಕನ್ವರ್ಟರಿಗೆ ಇನ್ನೂ ಹೊರೆ.

ಅದಕ್ಕೇ ಕೇಳುತ್ತೇನೆ: ಆ ಏರನ್ನು ಫೋರ್ ಹೈನಲ್ಲಿ (ಫೋರ್ ವೀಲ್ ಡ್ರೈವಿನ ಮಾಮೂಲು ಗೇರು) ಹತ್ತಿದಿರೋ, ಫೋರ್ ಲೋನಲ್ಲೋ (ಅದರದೇ ನಿಧಾನದ, ಹೆಚ್ಚು ಬಲದ ಗೇರು)? ಲೋ ಎಂದರೆ ಸಿಕ್ಕಿಬಿದ್ದಾಗ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ನಿಮ್ಮ ಗಾಡಿಯಲ್ಲಿ ಲೋ ಹಾಕಿದರೆ ಗೇರ್ ಸುಮಾರು 2.57 ಪಟ್ಟು ತಗ್ಗುತ್ತದೆ. ಗಾಡಿ ಅದೇ ವೇಗದಲ್ಲಿ ಹೋಗುತ್ತಿದ್ದರೂ ಕನ್ವರ್ಟರ್ ಜಾರುವುದು ಎಷ್ಟೋ ಕಡಿಮೆಯಾಗುತ್ತದೆ. ಇದನ್ನು ಕಲಿಯಲು ನಾನು ಒಂದು ಗೇರ್‌ಬಾಕ್ಸ್ ಕಳೆದುಕೊಂಡೆ. ಇಲ್ಲಿ ಯೂರೆಯಿಂದ ಟೆಲ್ಯುರೈಡ್‌ಗೆ ಹೋಗುವ ಇಮೋಜಿನ್ ಪಾಸ್ ಇದೆ, ನೆತ್ತಿ 13,114 ಅಡಿ. ಇಡೀ ಏರನ್ನು ಫೋರ್ ಹೈನಲ್ಲೇ ಹತ್ತಿದೆ, ಗಾಡಿ ಎಲ್ಲೂ ತಡವರಿಸಲಿಲ್ಲ. ಮರುದಿನ ಬೆಳಿಗ್ಗೆ ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಎಂಜಿನ್ ಒಂದು ಕ್ಷಣ ಸುಮ್ಮನೆ ಕಿರುಚಿತು. ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ತೆಗೆದು ಮೂಸಿದರೆ ಪಾಕ ಸೀದುಹೋದ ವಾಸನೆ. ದಾಸವಾಳದಂತೆ ಕೆಂಪಗಿದ್ದ ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ನೀವೂ ಇವತ್ತೇ ಡಿಪ್‌ಸ್ಟಿಕ್ ತೆಗೆದು ಬಿಳಿ ಟಿಶ್ಯೂ ಕಾಗದದ ಮೇಲೆ ಎರಡು ಹನಿ ಬಿಡಿ, ಅರ್ಧ ಗಂಟೆ ಹಾಗೇ ಇರಲಿ. ಹನಿ ಅಗಲವಾಗಿ ಹರಡಿ ಕೆಂಪು ಅಥವಾ ತಿಳಿಗಂದು ಉಂಗುರವಾದರೆ ಎಣ್ಣೆಗೆ ಇನ್ನೂ ಜೀವವಿದೆ. ಹರಡದೆ ನಡುವೆ ಕಪ್ಪಗೆ ಕುಳಿತರೆ, ಬೆರಳಿಗೆ ಕರಿಮರಳಿನಂಥ ಕಣ ಸಿಕ್ಕರೆ ಇಲ್ಲಿ ತಿಳಿಸಿ, ಆಗ ಮಾತೇ ಬೇರೆ.

ಇನ್ನೊಂದು ವಿಷಯ, ನನ್ನ ಪ್ರಕಾರ ಕೂಲರಿಗಿಂತ ದೊಡ್ಡದು. ನಿಮ್ಮ ರೇಡಿಯೇಟರ್ ಎಷ್ಟು ಹಳೆಯದು? ಕಂಪನಿಯದೇ ಆದರೆ ಇಪ್ಪತ್ತು ವರ್ಷ ದಾಟಿದೆ. ಅದರ ಕೆಳಗಿನ ತೊಟ್ಟಿಯೊಳಗೆ ಗೇರ್ ಎಣ್ಣೆಯ ಸಣ್ಣ ಕೂಲರ್ ಇರುತ್ತದೆ. ಅದರ ಕೊಳವೆ ತೊಟ್ಟಿಯಿಂದ ಹೊರಬರುವ ಜಾಗದಲ್ಲಿ ತುಕ್ಕು ಹಿಡಿದು ಬಿರುಕು ಬಿಟ್ಟರೆ ಕೂಲಂಟ್ ಮತ್ತು ಗೇರ್ ಎಣ್ಣೆ ಒಂದಾಗುತ್ತವೆ. ಎರಡೂ ಸೇರಿದರೆ ನೋಡಲು ಥೇಟ್ ರೋಸ್ ಮಿಲ್ಕ್. ಕೂಲಂಟಿನಲ್ಲಿರುವ ಗ್ಲೈಕಾಲ್ ಕ್ಲಚ್ ಪ್ಲೇಟಿನ ಅಂಟನ್ನೇ ಕರಗಿಸುತ್ತದೆ, ಗೇರ್‌ಬಾಕ್ಸ್ ಉಳಿಯುವುದಿಲ್ಲ. ಈ ಪೀಳಿಗೆಯ ಟಕೋಮಾ, ಫೋರ್‌ರನ್ನರ್ ಇಟ್ಟುಕೊಂಡವರೆಲ್ಲ ಹೆದರುವುದು ಇದಕ್ಕೆ. ಆದ್ದರಿಂದ ಹೊಸ ರೇಡಿಯೇಟರ್ ಹಾಕಿಸುವ ತನಕ ಹಳೆಯದರ ಮೂಲಕ ಎಣ್ಣೆ ಹಾಯಿಸಬೇಡಿ. ಫೀನಿಕ್ಸ್‌ನ ಬಿಸಿಲಿಗೆ ಬರೀ ಹೊರಗಿನ ಕೂಲರ್ ಇದ್ದರೂ ನಡೆಯುತ್ತದೆ.

ನಾನು ಹಾಕಿರುವುದು ಹೇಡನ್ 678, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಬಗೆಯದು. ಬಳುಕಿದ ಕೊಳವೆಗೆ ರೆಕ್ಕೆ ಅಂಟಿಸಿದ ಬಗೆಯದಕ್ಕಿಂತ ಇದು ಅಷ್ಟೇ ಜಾಗದಲ್ಲಿ ಹೆಚ್ಚು ತಣಿಸುತ್ತದೆ. ಎಸಿ ಕಂಡೆನ್ಸರಿನ ಮುಂದೆ ಅರ್ಧ ಇಂಚು ಸಂದು ಬಿಟ್ಟು, ಕಬ್ಬಿಣದ ಪಟ್ಟಿಯಿಂದ ಗಾಡಿಯ ಚೌಕಟ್ಟಿಗೇ ಬಿಗಿಯಿರಿ. ಡಬ್ಬಿಯಲ್ಲಿ ಕೊಡುವ ಪ್ಲಾಸ್ಟಿಕ್ ಕಡ್ಡಿಗಳನ್ನು ಕಂಡೆನ್ಸರಿನ ಮೂಲಕ ತೂರಿಸಿ ಕಟ್ಟಬೇಡಿ. ಕಲ್ಲುದಾರಿಯ ಕುಲುಕಾಟಕ್ಕೆ ಅವು ಗರಗಸದಂತೆ ಉಜ್ಜಿ ತೂತು ಮಾಡುತ್ತವೆ. ಕೂಲರಿನ ಬಾಯಿಗಳು ಮೇಲಕ್ಕೋ ಪಕ್ಕಕ್ಕೋ ಇರಲಿ. ಕೆಳಮುಖವಾಗಿದ್ದರೆ ಒಳಗೆ ಗಾಳಿ ಉಳಿಯುತ್ತದೆ. ಗೇರ್‌ಬಾಕ್ಸ್ ಎಣ್ಣೆಗೆಂದೇ ಬರುವ ಹೋಸ್ ಕೊಳ್ಳಿರಿ, ಪೆಟ್ರೋಲ್ ಹೋಸ್ ಈ ಬಿಸಿಗೆ ಮೆತ್ತಗಾಗಿ ಜಾರುತ್ತದೆ. ತಗಡಿನ ಅಂಚು ದಾಟುವ ಕಡೆಯೆಲ್ಲ ಮೇಲೊಂದು ಕವಚ ಹಾಕಿ.

ಸೆನ್ಸರನ್ನು ಗೇರ್‌ಬಾಕ್ಸಿನಿಂದ ಹೊರಬರುವ ಬಿಸಿ ಹೋಸಿನಲ್ಲಿ ಟೀ (T ಆಕಾರದ) ಫಿಟ್ಟಿಂಗ್ ಹಾಕಿ ಕೂರಿಸಿ. ಗೇರ್‌ಬಾಕ್ಸಿನ ತಳದ ಎಣ್ಣೆ ತಟ್ಟೆಯಲ್ಲಿ, ಅಂದರೆ ಪ್ಯಾನಿನಲ್ಲಿ, ಎಣ್ಣೆಯ ಬಿಸಿ ನಿಧಾನವಾಗಿ ಏರುತ್ತದೆ. ಹೊರಬರುವ ಹೋಸು ಕನ್ವರ್ಟರಿನಲ್ಲಿ ಈಗ, ಈ ಕ್ಷಣ ಏನಾಗುತ್ತಿದೆ ಎಂಬುದನ್ನು ಹೇಳುತ್ತದೆ. ಡ್ರೈನ್ ಪ್ಲಗ್ ಜಾಗದಲ್ಲಿ ಸೆನ್ಸರ್ ಹಾಕುವ ಸುಲಭದ ಸಾಮಾನು ಸಿಗುತ್ತದೆ, ದಯವಿಟ್ಟು ಅದು ಬೇಡ. ಅದು ಪ್ಯಾನಿನ ಕೆಳಗೆ ನೇತಾಡುತ್ತದೆ. ಒಂದು ಬಂಡೆ ತಗುಲಿದರೆ ಕಾಡಿನ ನಡುವೆ ಎಣ್ಣೆಯೆಲ್ಲ ನೆಲದ ಪಾಲು.

ಮಂಗಳೂರು_ದುಬೈ:

ಡೆನ್ವರ್‌ನವರು ಹೇಳಿದ್ದರಲ್ಲಿ ಒಂದಕ್ಷರವೂ ಕಳೆಯುವಂತಿಲ್ಲ. ಮರಳಿನವನಾಗಿ ಒಂದು ಮಾತು ಸೇರಿಸುತ್ತೇನೆ. ನನ್ನದು ನಿಸ್ಸಾನ್ ಪ್ಯಾಟ್ರೋಲ್ ವೈ61, 4.8 ಎಂಜಿನ್, ಆಟೊಮ್ಯಾಟಿಕ್. ಚಳಿಗಾಲದ ಪ್ರತಿ ಶುಕ್ರವಾರ ಅಲ್ ಕುದ್ರಾ ಕಡೆ, ವರ್ಷಕ್ಕೊಮ್ಮೆ ಲಿವಾದ ದೊಡ್ಡ ದಿಬ್ಬಗಳಿಗೆ ಹೋಗುತ್ತೇವೆ. ಇಲ್ಲಿ ಗೇರ್‌ಬಾಕ್ಸ್ ಕಾಯುವುದಕ್ಕೆ ಮೊದಲ ಕಾರಣ ಟೈರಿನ ಗಾಳಿ. ಗಾಳಿ ತುಂಬಿದ ಟೈರ್ ಮರಳನ್ನು ಉಳುತ್ತಾ ಹೋಗುತ್ತದೆ, ಗಾಡಿ ಸದಾ ಏರು ಹತ್ತುತ್ತಿರುವಂತೆ ದುಡಿಯುತ್ತದೆ. 15 ಪಿಎಸ್‌ಐಗೆ ಇಳಿಸಿದರೆ ಅದೇ ದಿಬ್ಬ, ಅದೇ ವೇಗ, ನನ್ನ ಮೀಟರಿನಲ್ಲಿ 20 ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಕಲ್ಲುದಾರಿಗೆ ಅಷ್ಟು ಇಳಿಸಲಾಗದು. ಆದರೆ 35ರಲ್ಲಿ ಹೋಗುತ್ತಿದ್ದರೆ 20ಕ್ಕೆ ಇಳಿಸಿ ನೋಡಿ, ಚಕ್ರ ಹಿಡಿದು ಏರುತ್ತದೆ, ಎಂಜಿನ್ ಕೂಗಿಸುವುದು ತಪ್ಪುತ್ತದೆ. ಮರಳಿ ತುಂಬಲು ಕಂಪ್ರೆಸರ್ ಜೊತೆಗಿರಲಿ.

ತೆವಳುವಾಗ ಮುಂದಿನಿಂದ ಗಾಳಿ ಬೀಸುವುದಿಲ್ಲ, ಕೂಲರಿಗೆ ಎಂಜಿನ್ ಫ್ಯಾನ್ ಒಂದೇ ದಿಕ್ಕು. ಆ ಫ್ಯಾನಿನ ಕ್ಲಚ್ ಸವೆದಿದ್ದರೆ ಎಷ್ಟು ದೊಡ್ಡ ಕೂಲರ್ ಹಾಕಿದರೂ ವ್ಯರ್ಥ. ಎಂಜಿನ್ ಬಿಸಿ ಇರುವಾಗ ಆರಿಸಿ, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ತಡೆದು ತಡೆದು ತಿರುಗಬೇಕು. ಬುಗುರಿಯಂತೆ ಸರಾಗವಾಗಿ ತಿರುಗಿದರೆ ಬದಲಿಸಿ.

ಕೊಡಗು_ಕ್ಯಾಲ್ಗರಿ:

ರೇಡಿಯೇಟರ್ ಬಿಟ್ಟುಬಿಡಿ ಎಂಬ ಮಾತಿಗೆ ನನ್ನ ತಕರಾರು ಇದೆ. ಫೀನಿಕ್ಸ್‌ಗೆ ಅದು ಸರಿಹೋಗಬಹುದು. ಇದನ್ನು ಓದಿ ಚಳಿ ದೇಶದವರು ಯಾರೂ ಹಾಗೆ ಮಾಡಬಾರದು ಎಂದು ಬರೆಯುತ್ತಿದ್ದೇನೆ. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುತ್ತದೆ. ರೇಡಿಯೇಟರಿನೊಳಗಿನ ಕೂಲರ್ ಎಣ್ಣೆಯನ್ನು ತಣಿಸುವುದರ ಜೊತೆಗೆ ಬೆಳಿಗ್ಗೆ ಬೆಚ್ಚಗೂ ಮಾಡುತ್ತದೆ. ನಾನು ಅದನ್ನು ತಪ್ಪಿಸಿದ ವರ್ಷ ಅರ್ಧ ಗಂಟೆ ಓಡಿಸಿದರೂ ಎಣ್ಣೆ 100 ಫ್ಯಾರನ್‌ಹೀಟ್ ದಾಟುತ್ತಿರಲಿಲ್ಲ. ಲಾಕಪ್ ಬೀಳುತ್ತಿರಲಿಲ್ಲ, ಗೇರ್ ಬದಲಾಗುವುದೂ ಒರಟು. ಕೊನೆಗೆ ಹೊಸ ರೇಡಿಯೇಟರ್ ಹಾಕಿ, ಎಣ್ಣೆ ಮೊದಲು ರೇಡಿಯೇಟರ್, ಆಮೇಲೆ ಹೊರಗಿನ ಕೂಲರ್ ಹಾದು ಗೇರ್‌ಬಾಕ್ಸಿಗೆ ಮರಳುವಂತೆ ಜೋಡಿಸಿದೆ. ನಡುವೆ ಒಂದು ಥರ್ಮೋಸ್ಟಾಟ್ ವಾಲ್ವ್. ಸುಮಾರು 180 ಮುಟ್ಟುವವರೆಗೆ ಅದು ಹೆಚ್ಚಿನ ಎಣ್ಣೆಯನ್ನು ಹೊರಗಿನ ಕೂಲರಿಗೆ ಬಿಡುವುದಿಲ್ಲ.

ಹಳೆಯಗಾಡಿ_ಡೆನ್ವರ್:

ಕ್ಯಾಲ್ಗರಿಯವರ ಮಾತು ಒಪ್ಪಿದೆ. ಹೊಸ ರೇಡಿಯೇಟರ್ ಬಂದ ಮೇಲೆ ನನ್ನ ಗಾಡಿಯಲ್ಲೂ ಅದೇ ಜೋಡಣೆ. ಹಳೆಯ ರೇಡಿಯೇಟರನ್ನು ನಂಬಬೇಡಿ ಎಂಬುದನ್ನು ಮಾತ್ರ ನಾನು ಬಿಡುವುದಿಲ್ಲ.

ಹಾಸನ_ಫೀನಿಕ್ಸ್:

ಎಲ್ಲರಿಗೂ ಧನ್ಯವಾದ. ಟಿಶ್ಯೂ ಪರೀಕ್ಷೆ ಮಾಡಿದೆ. ಉಂಗುರ ಹರಡಿತು, ಬಣ್ಣ ಚಹಾ ಕಷಾಯದ್ದು, ಕಣಗಳಿಲ್ಲ. ಹೌದು, ಇಡೀ ದಾರಿ ಫೋರ್ ಹೈನಲ್ಲೇ ಹೋಗಿದ್ದೆ.

ಮಾವನವರು ಸ್ವಲ್ಪ ದುಡ್ಡು ಕೊಟ್ಟಿದ್ದರಿಂದ ಮೀಟರ್, ಕೂಲರ್, ರೇಡಿಯೇಟರ್ ಮೂರನ್ನೂ ಒಟ್ಟಿಗೆ ತಂದೆ. ಈ ಶನಿವಾರ, ಭಾನುವಾರ ಕೂತು ಹಾಕಿದ್ದೇನೆ. ಒಂದೇ ತೊಂದರೆ: ಮೀಟರಿನ ಬೆಳಕು ಹತ್ತುತ್ತದೆ, ಮುಳ್ಳು ಮಾತ್ರ 100ರ ಗೆರೆ ಬಿಟ್ಟು ಕದಲುವುದಿಲ್ಲ. ಅರ್ಧ ಗಂಟೆ ಓಡಿಸಿದೆ, ಹೋಸ್ ಮುಟ್ಟಿದರೆ ಕೈ ಸುಡುತ್ತದೆ. ಸೆನ್ಸರ್ ಕೆಟ್ಟದ್ದೇ ಬಂದಿತೇ?

ಹಳೆಯಗಾಡಿ_ಡೆನ್ವರ್:

ಸೆನ್ಸರಿಗೆ ಒಂದೇ ತಂತಿ ಇದೆಯೇ? ಹಾಗಿದ್ದರೆ ಅದು ಕೆಟ್ಟಿಲ್ಲ, ಅದಕ್ಕೆ ಅರ್ಥ್ ಸಿಕ್ಕಿಲ್ಲ. ಒಂದೇ ತಂತಿಯ ಸೆನ್ಸರ್ ತನ್ನ ಥ್ರೆಡ್ ಮೂಲಕ ಗಾಡಿಯ ಲೋಹಕ್ಕೆ ತಾಗಿ ಅರ್ಥ್ ಪಡೆಯಬೇಕು. ನಿಮ್ಮ ಟೀ ಫಿಟ್ಟಿಂಗಿನ ಎರಡೂ ಕಡೆ ರಬ್ಬರ್ ಹೋಸ್ ಇದೆ, ಅರ್ಥ್ ಬರುವುದಾದರೂ ಎಲ್ಲಿಂದ? ಟೀ ಮೈಗೆ ಒಂದು ಕ್ಲ್ಯಾಂಪ್ ಸುತ್ತಿ, ಅದರಡಿ ತಂತಿಯ ತುದಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಣ್ಣ ಕೆರೆದ ಚಾಸಿ ಬೋಲ್ಟಿಗೆ ಬಿಗಿಯಿರಿ. ಸೆನ್ಸರ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ಬಿಚ್ಚಿಬಿಡಿ, ಅದೂ ಅರ್ಥ್‌ಗೆ ಅಡ್ಡ ಬರಬಹುದು. ಆ ಥ್ರೆಡ್ ಹೋಗುತ್ತಾ ದಪ್ಪವಾಗುವ ಬಗೆಯದು, ಬಿಗಿದರೆ ತಾನೇ ಹಿಡಿಯುತ್ತದೆ. ಲೋಹಕ್ಕೆ ಹಚ್ಚುವ ಸೀಲಂಟ್ ಒಂದು ಚೂರು ಸಾಕು.

ಎಣ್ಣೆಯ ಮಟ್ಟ ನೋಡುವಾಗ ಎಂಜಿನ್ ಓಡುತ್ತಿರಬೇಕು, ಎಣ್ಣೆ ಬಿಸಿ ಇರಬೇಕು, ಬ್ರೇಕ್ ಒತ್ತಿ ಪಾರ್ಕಿನಿಂದ ಲೋವರೆಗೆ ಪ್ರತಿ ಗೇರಿಗೂ ಒಮ್ಮೆ ಹಾಕಿ ಮತ್ತೆ ಪಾರ್ಕಿಗೆ ತಂದು ನೋಡಬೇಕು. ಕೂಲರ್ ಮತ್ತು ಹೋಸಿನಲ್ಲಿ ಒಂದಷ್ಟು ಎಣ್ಣೆ ಕುಳಿತಿರುವುದರಿಂದ ಖಂಡಿತ ಕಡಿಮೆ ತೋರಿಸುತ್ತದೆ. ಸ್ವಲ್ಪ ಸ್ವಲ್ಪವೇ ಸುರಿಯಿರಿ, ಹೆಚ್ಚಾದರೂ ನೊರೆ ಎದ್ದು ಕಾಯುತ್ತದೆ.

ಹಾಸನ_ಫೀನಿಕ್ಸ್:

ಅಣ್ಣ, ಅರ್ಥ್ ತಂತಿ ಹಾಕಿದ ಕೂಡಲೇ ಮುಳ್ಳು ಎದ್ದಿತು. ಗ್ಯಾರೇಜಿನಲ್ಲಿ ನಾನೂ ಸ್ನೇಹಿತರೂ ಒಟ್ಟಿಗೆ ಕೂಗಿದೆವು.

ಹಳೆಯ ರೇಡಿಯೇಟರನ್ನು ಬಿಸಿಲಿಗೆ ಹಿಡಿದು ನೋಡಿದೆ. ಎಣ್ಣೆಯ ಕೊಳವೆ ತೊಟ್ಟಿಯೊಳಗೆ ಇಳಿಯುವ ಜಾಗದಲ್ಲಿ ಸುತ್ತಲೂ ಕಿತ್ತಳೆ ಬಣ್ಣದ ತುಕ್ಕಿನ ಉಂಗುರ. ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಹಪ್ಪಳದಂತೆ ಪದರ ಎದ್ದುಬಂತು. ಇದರ ಜೊತೆ ಎರಡು ವರ್ಷ ಓಡಾಡಿದ್ದೇನೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಆ ಎಚ್ಚರಿಕೆಗೆ ನಿಮಗೆ ಬೇರೆಯಾಗಿ ಕೃತಜ್ಞತೆ ಹೇಳಬೇಕು.

ನಿನ್ನೆ ಮತ್ತೆ ಕ್ರೌನ್ ಕಿಂಗ್‌ಗೆ ಹೋಗಿಬಂದೆವು. ಎಣ್ಣೆ ಪೂರ್ತಿ ಹೊಸದು, ಟೈರಿನಲ್ಲಿ 20 ಪಿಎಸ್‌ಐ. ಮೀಟರ್ ಓದುವ ಕೆಲಸವನ್ನು ಮಗಳಿಗೆ ಒಪ್ಪಿಸಿದ್ದೆ, ಹತ್ತು ನಿಮಿಷಕ್ಕೊಮ್ಮೆ ಕೂಗಿ ಹೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಚಪ್ಪಟೆ ರಸ್ತೆಯಲ್ಲಿ 170. ಮಣ್ಣುದಾರಿ ಹಿಡಿದ ಮೇಲೆ ಫೋರ್ ಲೋನಲ್ಲಿ 190, ಬಂಡೆಗಳ ಏರಿನಲ್ಲಿ 205. ಕಳೆದ ಸಲ ದೀಪ ಹತ್ತಿದ ಜಾಗದಲ್ಲಿ 212. ಒಂದು ಕಡೆ ಬೇಕೆಂದೇ ಫೋರ್ ಹೈಗೆ ಹಾಕಿ ಅಂಥದ್ದೇ ಏರು ಹತ್ತಿದೆ. ಮೂರು ನಿಮಿಷದಲ್ಲಿ 236ಕ್ಕೆ ಹೋಯಿತು, ಮಗಳು "ಅಪ್ಪಾ ಸಾಕು" ಎಂದಳು. ಪಾರ್ಕಿಗೆ ಹಾಕಿ, ಎಂಜಿನ್ ಓಡಿಸುತ್ತಲೇ ನಿಂತೆವು. ಎಂಟು ನಿಮಿಷದಲ್ಲಿ 190ಕ್ಕೆ ಇಳಿಯಿತು.

ವಾಪಸು ಬರುವಾಗ ಡಾಂಬರು ರಸ್ತೆ ಸೇರಿದ ಮೇಲೆ ಐ-17ರಲ್ಲಿ ಬ್ಲ್ಯಾಕ್ ಕ್ಯಾನಿಯನ್ ಸಿಟಿ ಕಡೆಗೆ ಇಳಿಯುತ್ತಾ 165. ಮನೆಗೆ ಬಂದು ಕೆಳಗೆ ಮಲಗಿ ನೋಡಿದರೆ ಕೂಲರಿನ ಒಂದು ಕ್ಲ್ಯಾಂಪ್ ಬಳಿ ತೇವ ಇತ್ತು. ಕಾಲು ಸುತ್ತು ಬಿಗಿದು, ಕೆಳಗೆ ರಟ್ಟು ಹಾಸಿ ಮಲಗಿದೆ. ಇವತ್ತು ಬೆಳಿಗ್ಗೆ ರಟ್ಟು ಒಣಗಿಯೇ ಇದೆ.